ಹಳದಿ ಲಂಗ, ಕೆಂಪು ರವಿಕೆ

ಆಗ ನನಗೆ ಅರವತ್ತೇಳು. ಅದಾಗಿ ಎಂಟು ವರ್ಷವಾಯಿತು.

ಮಗನಿಗೆ ಕೇಂದ್ರ ಸರ್ಕಾರದ ಕೆಲಸ. ತಿರುವನಂತಪುರಕ್ಕೆ ವರ್ಗವಾದಾಗ ನನ್ನನ್ನೂ ಕರೆದುಕೊಂಡು ಬಂದ. ಪ್ರೀತಿ ಇರಲಿಲ್ಲ ಅನ್ನುವುದಿಲ್ಲ, ಆದರೆ ಕರೆತಂದದ್ದು ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದಕ್ಕೆ. ಸೊಸೆಯೂ ಕೆಲಸಕ್ಕೆ ಹೋಗುತ್ತಿದ್ದಳು. ಮಗು ಒಂದನೇ ಕ್ಲಾಸು.

ನಮ್ಮ ಫ್ಲ್ಯಾಟು ಇದ್ದದ್ದು ಪಟ್ಟಂನಲ್ಲಿ. ಅಲ್ಲಿ ಹೆಜ್ಜೆಗೊಂದು ಶಾಲೆ. ನಾನು ಓದಿದ್ದು ಮೂರನೇ ಕ್ಲಾಸು, ಕನ್ನಡವನ್ನೇ ಕೂಡಿಸಿಕೊಂಡು ಓದುವವಳು. ಅಲ್ಲಿಯ ಬೋರ್ಡು ನನಗೆ ಜಿಲೇಬಿ. ಹಾಗಾಗಿ ಶಾಲೆಗಳನ್ನು ಬಟ್ಟೆಯ ಮೇಲೆ ಗುರುತು ಇಟ್ಟುಕೊಂಡಿದ್ದೆ. ನೀಲಿ ಚೌಕುಳಿಯವರು ಎಡಕ್ಕೆ ತಿರುಗುತ್ತಾರೆ. ಕಂದು ಬಣ್ಣದವರು ಬಸ್ಸಿನಿಂದ ಇಳಿದು ಓಡುತ್ತಾರೆ. ಹಸಿರು ಲಂಗದವರ ಹಿಂದೆ ಹೋದರೆ ನಮ್ಮ ಶಾಲೆ. ಒಂದು ದಿನವೂ ದಾರಿ ತಪ್ಪಲಿಲ್ಲ.

ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಗು ಮಲಯಾಳದಲ್ಲಿ ಉತ್ತರ ಕೊಡುತ್ತಿತ್ತು. ದಾರಿಯಲ್ಲಿ ಮಾತ್ರ ಕನ್ನಡ. ಅವಳನ್ನು ಗೋಡೆಯ ಕಡೆ, ಒಳಬದಿಗೆ ಬಿಟ್ಟುಕೊಂಡು ಗಾಡಿಗಳು ಓಡುವ ರಸ್ತೆಯ ಕಡೆ ನಾನು ನಡೆಯುತ್ತಿದ್ದೆ. ಯಾರ ಚಡ್ಡಿ ಒದ್ದೆಯಾಯಿತು, ಟೀಚರ್ ಯಾರಿಗೆ ಬೈದರು, ಎಲ್ಲ ಹೇಳುತ್ತಿದ್ದಳು. ಗೇಟು ಕಂಡ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ಆಮೇಲೆ ಸಂಜೆ ಅವಳನ್ನು ಕರೆತರುವ ತನಕ ನನ್ನ ಹತ್ತಿರ ಮಾತಾಡುವವರು ಯಾರೂ ಇಲ್ಲ. ಎದುರುಮನೆಯಾಕೆ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ನಗುವುದರಲ್ಲಿ ಹೊತ್ತು ಹೋಗುತ್ತದೆಯೇ? ದಿನಕ್ಕೆ ಆ ಎರಡು ನಡಿಗೆಯೇ ನನ್ನ ಪಾಲಿನದು.

ಅಕ್ಟೋಬರ್ ಕೊನೆಗೆ ಸೊಸೆಗೆ ಆಫೀಸಿನ ಕೆಲಸದ ಮೇಲೆ ಕೊಚ್ಚಿಗೆ ಹೋಗಬೇಕಾಯಿತು. ಅಲ್ಲಿಂದ ಫೋನು ಮಾಡಿದಳು.

"ಅತ್ತೆ, ನಾಳೆ ನವೆಂಬರ್ ಒಂದು. ಯೂನಿಫಾರಂ ಹಾಕ್ಬೇಡಿ. ಬೀರುನಲ್ಲಿ ಹೊಸ ಲಂಗ ಇಟ್ಟಿದೀನಿ, ಅದನ್ನ ಹಾಕಿ."

"ನವೆಂಬರ್ ಒಂದು ನಂಗೆ ಗೊತ್ತಿಲ್ವಾ? ನೀನ್ ಹುಟ್ಟೋಕ್ ಮುಂಚಿಂದ ಗೊತ್ತು."

ಬೆಳಿಗ್ಗೆ ಮಗ ಏಳಕ್ಕೇ ಹೊರಟುಹೋದ. ಬೀರು ತೆಗೆದೆ. ಹಾಲಿನ ಕೆನೆಯಂಥ ಬಿಳುಚು ಲಂಗ, ಅಂಥದ್ದೇ ರವಿಕೆ, ಅಂಚಿಗೆ ಒಂದು ಬೆರಳು ಜರಿ. ಗಂಡ ಹೋದಾಗ ಬಿಳಿ ಸೀರೆ ತಂದವರ ಮುಖಕ್ಕೇ ಅದನ್ನು ಎಸೆದವಳು ನಾನು. ಹಬ್ಬದ ದಿನ ಹೆಣ್ಣುಮಗುವಿಗೆ ಅದನ್ನು ಉಡಿಸುತ್ತೇನೆಯೇ? ದೀಪಾವಳಿಗೆಂದು ಊರಿನಿಂದ ತಂದಿದ್ದ ಹಳದಿ ಲಂಗ, ಕೆಂಪು ರವಿಕೆ ನನ್ನ ಟ್ರಂಕಿನಲ್ಲಿತ್ತು. ನಮ್ಮೂರ ಶಾಲೆಯಲ್ಲಿ ಆ ದಿನ ಅದೇ ಬಣ್ಣದ ಬಾವುಟ ಹಾರಿಸುತ್ತಾರೆ. ಉಡಿಸಿ, ಎರಡು ಜಡೆ ಹೆಣೆದು ಕೆಂಪು ಟೇಪು ಕಟ್ಟಿದೆ. ಮಗು ಕನ್ನಡಿಯಲ್ಲಿ ನೋಡಿಕೊಂಡು ಒಂದು ಸುತ್ತು ತಿರುಗಿತು.

ರಸ್ತೆಗೆ ಬಂದರೆ ನೀಲಿಯಿಲ್ಲ, ಕಂದಿಲ್ಲ, ಹಸಿರಿಲ್ಲ. ಎಡಕ್ಕೆ ತಿರುಗುವವರು, ಬಸ್ಸಿಂದ ಇಳಿಯುವವರು, ಎಲ್ಲ ಮಕ್ಕಳೂ ಕೆನೆ ಬಣ್ಣ, ಜರಿ. ಸಣ್ಣ ಗಂಡುಹುಡುಗರಿಗೂ ಪಂಚೆ. ಅವರ ರಾಜ್ಯಕ್ಕೂ ಅದೇ ದಿನ ಹಬ್ಬ ಎಂಬುದು ನನಗೆ ಯಾವಾಗ ಹೊಳೆಯಿತೆಂದರೆ, ಅರ್ಧ ದಾರಿಯಲ್ಲಿ.

ಮಗು ಕೈ ಜಗ್ಗಿತು. "ಅಜ್ಜೀ, ವೀಟ್ಟಿಲ್ ಪೋಕಾಂ." ಮನೆಗೆ ಹೋಗೋಣ ಎಂದು. ಅಷ್ಟು ನನಗೂ ತಿಳಿಯುತ್ತಿತ್ತು.

"ವಾಪಸ್ ಹೋದ್ರೆ ಬೆಲ್ ಹೊಡೀತದೆ ಕಣವ್ವ. ನಿಂದೇ ಚೆನ್ನಾಗಿರೋದು, ನಡಿ."

ಗೇಟಿನ ಸೆಕ್ಯುರಿಟಿಯವನು ನನ್ನ ವಯಸ್ಸಿನವನೇ, ತಮಾಷೆಯವನು. ಅವಳನ್ನು ಮೇಲಿಂದ ಕೆಳಗೆ ನೋಡಿದ. ರವಿಕೆ ತೋರಿಸಿ ಒಂದು ಬೆರಳು, ಲಂಗ ತೋರಿಸಿ ಇನ್ನೊಂದು ಬೆರಳು ಮಡಚಿದ. "ಅಮ್ಮೇ, ಇನಿ ಪಚ್ಚ ಕೂಡಿ ವೇಣಂ," ಎಂದು ಸಿಗ್ನಲ್ ದೀಪದ ಹಾಗೆ ಕೈ ಮಾಡಿದ. ಹಸಿರೂ ಬೇಕಂತೆ. ಅಲ್ಲಿದ್ದ ತಾಯಂದಿರು ನಕ್ಕರು. ಮಕ್ಕಳು "ಸಿಗ್ನಲ್, ಸಿಗ್ನಲ್" ಎಂದು ಕುಣಿದವು. ನನಗೇನೂ ಆಗಲಿಲ್ಲ, ನಗೆಚಾಟಿಕೆಗೆ ನಾನು ಹೆದರುವವಳಲ್ಲ. ಆದರೆ ಮಗು ನನ್ನ ಕೈ ಬಿಟ್ಟಿತು. ತಿರುಗಿ, ಗೇಟಿನ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ ಹೇಳಿತು: "ನೀನು ಇನ್ಮೇಲೆ ಬರ್ಬೇಡ."

ಸಂಜೆ ಕರೆಯಲು ಹೋದಾಗ ನನ್ನ ಮುಂದೆ ಮುಂದೆ ನಡೆದಳು. ಶಾಲೆಯಲ್ಲಿ ಹಬ್ಬದ ಹಾಡಿಗೆ ಅವಳನ್ನು ಕೊನೆ ಸಾಲಿನಲ್ಲಿ ನಿಲ್ಲಿಸಿದ್ದರಂತೆ. ಅಷ್ಟನ್ನೂ ಹೇಳಿದ್ದು ನನಗಲ್ಲ, ಮನೆಗೆ ಬಂದ ಅಪ್ಪನಿಗೆ. ಕೆಳಗಿನ ಮನೆಯ ಹುಡುಗಿಯ ಹಾಗೆ ವ್ಯಾನಿನಲ್ಲಿ ಹೋಗುತ್ತೇನೆ ಎಂದು ಹಟ ಹಿಡಿದಳು.

ಮಗ ನನ್ನ ಮುಖ ನೋಡದೆ ಹೇಳಿದ. "ಹೋಗ್ಲಿ ಬಿಡಮ್ಮ. ನಿನ್ನ ಮಂಡಿಗೂ ಒಳ್ಳೇದು."

"ನನ್ ಮಂಡಿ ನಿಂಗೆ ಇವತ್ತು ನೆನಪಾಯ್ತಾ?"

"ಜಗಳ ಬೇಡಮ್ಮ. ಮಗು ಅದು."

"ನಾನೆಲ್ಲಿ ಜಗಳ ಆಡ್ದೆ? ವ್ಯಾನಿನವನಿಗೆ ಫೋನ್ ಮಾಡು."

ಮಾಡಿದ. ಜಾಗ ಖಾಲಿ ಇತ್ತು.

ಹಳದಿ ಬಟ್ಟೆ ಉಡಿಸಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಎದುರಿಗೆ ನಿಂತು ನೋಡಿದವರಿಗೆ ಆ ದಿನ ಕಣ್ಣಿಗೆ ಬಿದ್ದದ್ದು ಅವಳೊಬ್ಬಳೇ. ಅದೇ ಅವಳಿಗೆ ಬೇಡವಾಗಿತ್ತು ಎಂಬುದನ್ನು ನಾನು ಯೋಚಿಸಿರಲಿಲ್ಲ, ಅಷ್ಟೆ.

ಮಾರನೆಯ ಬೆಳಿಗ್ಗೆ ವ್ಯಾನು ಬಂದು ಹಾರನ್ ಹೊಡೆಯಿತು. ಅವಳು ಹಸಿರು ಲಂಗದಲ್ಲಿ ಇಳಿದು ಹೋಗಿ ಹತ್ತಿ ಕೂತಳು. ನಾನು ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ದಿನದ ದಾರಿಯಲ್ಲೇ ಹೊರಟೆ. ನೀಲಿ ಚೌಕುಳಿಯವರು ಎಡಕ್ಕೆ ತಿರುಗಿದರು. ಒಳಬದಿಗೆ ಅವಳ ಜಾಗ ಬಿಟ್ಟು ರಸ್ತೆಯ ಕಡೆಗೇ ನಡೆದೆ. ಗೇಟಿನ ಹತ್ತಿರ ಸೆಕ್ಯುರಿಟಿಯವನು ನನ್ನ ಪಕ್ಕ ನೋಡಿ, "ಮೋಳ್ ಎವಿಡೆ?" ಎಂದ. ಮಗು ಎಲ್ಲಿ ಎಂದು.

"ವಾಕಿಂಗ್," ಎಂದೆ, ನನ್ನ ಕಡೆಗೇ ಕೈ ತೋರಿಸಿ. ಅವನು ಗೇಟು ಮುಚ್ಚುವವರೆಗೆ ಎದುರಿಗೆ ನಿಂತಿದ್ದು ಮನೆಗೆ ಬಂದೆ.