ಕ್ಯೋಟೋದ ತೀರ್ಥ

ಮಸ್ಕತ್ತಿನ ದಾರ್ಸೈಟಿನ ಆ ಫ್ಲ್ಯಾಟಿಗೆ ಮೋಹಿನಿ ಕೆಲಸಕ್ಕೆ ಬಂದಾಗ ಯಶ್ಮಿತಾ ತೊಟ್ಟಿಲಲ್ಲಿದ್ದಳು. ಹದಿನೇಳು ವರ್ಷ ಕಳೆದು, ಬರುವ ಆಗಸ್ಟಿಗೆ ಹುಡುಗಿ ಮಂಗಳೂರಿನ ಹಾಸ್ಟೆಲಿಗೆ ಹೊರಟಿದ್ದಾಳೆ. ಸಾಕಿದ ಮಗುವೇ ಹೋದ ಮೇಲೆ ಸಾಕಿದವಳಿಗೇನು ಕೆಲಸ? ಮೂರು ತಿಂಗಳಿಂದ ಮೋಹಿನಿಗೆ ಇದೊಂದೇ ಚಿಂತೆ. ಅವಳ ವೀಸಾಕ್ಕೆ ಹೊಣೆ ನಿಂತ ಕಫೀಲ್, ಯಜಮಾನತಿ ಸೌಮ್ಯಶ್ರೀಯ ಗಂಡ. ಕೇಳೋಣವೆಂದರೆ, ‘ಹೌದು, ಖಲಾಸ್’ ಎಂದುಬಿಟ್ಟರೆ?

ಅಷ್ಟರಲ್ಲಿ ಜಪಾನ್ ಪ್ರವಾಸ ನಿಗದಿಯಾಯಿತು. ಸೌಮ್ಯಶ್ರೀಯ ಗಂಡನಿಗೆ ರಜೆ ಸಿಗಲಿಲ್ಲ. ತಾಯಿ, ಮಗಳು ಮೋಹಿನಿಯನ್ನೂ ಕರೆದುಕೊಂಡು ಹೊರಟರು. ಕೆಲಸದವಳಿಗೆ ಕ್ಯೋಟೋ ತೋರಿಸುವವರು ಎಷ್ಟು ಜನ ಇದ್ದಾರೆ ಹೇಳಿ. ಮೋಹಿನಿಗೆ ಸ್ವಲ್ಪ ಧೈರ್ಯ ಬಂತು.

ಕ್ಯೋಟೋದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಆ ಊರಿನವರು ಕೊಡೆಯಡಿ ಮುದುಡಿಕೊಂಡರೆ ಇವರು ಮುಖವೊಡ್ಡಿ ನೆನೆದರು. ನಾಲ್ಕು ಹನಿ ಬಿದ್ದರೆ ಶಾಲೆಗೆ ರಜೆ ಕೊಡುವ ಮಸ್ಕತ್ತಿನವರಲ್ಲವೇ. ಮೊದಲು ನೋಡಿದ ತೋಟದಲ್ಲಿ ಗಿಡವೇ ಕಡಿಮೆ. ನೀಟಾಗಿ ಬಾಚಿದ ಜಲ್ಲಿ, ನಡುನಡುವೆ ಬಂಡೆ.

"ಕಲ್ಲು ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಸೌಮ್ಯಕ್ಕ? ನಮ್ಮ ಅಡುಗೆಮನೆ ಕಿಟಕಿ ತೆಗೆದ್ರೆ ಕಾಣುದು ಇಂಥದ್ದೇ ಕಲ್ಲುಗುಡ್ಡ ಅಲ್ವಾ," ಎಂದಳು ಮೋಹಿನಿ.

ಆಮೇಲೆ ದೇವಸ್ಥಾನ. ಬಾಗಿಲಲ್ಲೇ ಕಲ್ಲಿನ ತೊಟ್ಟಿ, ತುಂಬಿದ ನೀರು, ಬಿದಿರಿನ ಸೌಟು. ಮೋಹಿನಿ ಚಪ್ಪಲಿ ಕಳಚಿದಳು. ಬಲ ಅಂಗೈಗೆ ನೀರು ಹಾಕಿಕೊಂಡು, ಕಣ್ಣು ಮುಚ್ಚಿ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು.

"ಮೋಹಿನಮ್ಮ, ದಟ್ಸ್ ಫಾರ್ ವಾಶಿಂಗ್ ಹ್ಯಾಂಡ್ಸ್," ಯಶ್ಮಿತಾ ಬಿದ್ದು ಬಿದ್ದು ನಕ್ಕು, ಫೋಟೋ ತೆಗೆಯಲು ಮುಂದೆ ಓಡಿದಳು.

ಕೈ ತೊಳೆಯುವ ನೀರೆಂದು ತಿಳಿದು ಮೋಹಿನಿಯ ಮುಖ ಸಣ್ಣದಾಯಿತು. ಸೌಮ್ಯಶ್ರೀಗೂ ನಗು ತಡೆಯಲಾಗಲಿಲ್ಲ. "ಹೋಗ್ಲಿ ಮೋಹಿನಕ್ಕ, ಭಕ್ತಿಯಿಂದ ಕುಡಿದ್ರೆ ಎಲ್ಲ ತೀರ್ಥವೇ. ಎಂತ ಬೇಡಿಕೊಂಡ್ರಿ?"

ಕೈ ತೊಳೆಯುವ ನೀರೋ ಮತ್ತೊಂದೋ, ತೀರ್ಥವೆಂದು ಕುಡಿದ ಬಾಯಿಂದ ಸುಳ್ಳು ಹೊರಡಲಿಲ್ಲ. "ವೀಸಾ ಕ್ಯಾನ್ಸಲ್ ಆಗ್ಬಾರ್ದು ಅಂತ."

ಸೌಮ್ಯಶ್ರೀಯ ನಗು ಅಲ್ಲಿಗೇ ನಿಂತಿತು. "ಅದನ್ನು ಹೇಳ್ಲಿಕ್ಕೇ ನಿಮ್ಮನ್ನು ಕರ್ಕೊಂಡು ಬಂದದ್ದು. ಒಂದು ಊರಾದ್ರೂ ತೋರಿಸಿ ಕಳಿಸುವ ಅಂತ. ನಾಲ್ಕು ದಿನದಿಂದ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ," ಎನ್ನುತ್ತಿದ್ದಂತೆ ಅವಳಿಗೆ ಅಳು ಬಂತು.

ಮೋಹಿನಿಗೆ ಸಿಟ್ಟು ಬಂತು, ಬರಬೇಕಾದ ಸಿಟ್ಟೇ ಅದು. ಅಷ್ಟರಲ್ಲಿ ಯಶ್ಮಿತಾ ಕ್ಯಾಮೆರಾ ಹಿಡಿದು ಹಿಂದಿರುಗಿ ಬರುವುದು ಕಂಡಿತು.

"ಮುಖ ಒರೆಸಿಕೊಳ್ಳಿ ಅಕ್ಕ," ಮೋಹಿನಿ ತನ್ನ ವೇಲಿನ ತುದಿಯನ್ನು ಸೌಮ್ಯಶ್ರೀಯ ಕೈಗೆ ಕೊಟ್ಟಳು. "ಮಗು ಬರ್ತಾ ಉಂಟು."