ಕುಕ್ಕರಿನ ಸೀಟಿ ಮತ್ತು ಕನ್ನೊಳ್ಳಿಯ ಹುಡುಗಿ

ಸಿಂದಗಿಯ ನಮ್ಮ ವಸತಿ ಕೇಂದ್ರದಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾಗಿದ್ದ ನಲವತ್ತು ಮಂದಿ ಇದ್ದರು. ಗಡ್ಡ ನೆರೆತವರನ್ನೂ ನಾವು ಮಕ್ಕಳು ಎಂದೇ ಕರೆಯುತ್ತಿದ್ದೆವು. ನಾನು ಅಲ್ಲಿ ನರ್ಸು. ಕನ್ನೊಳ್ಳಿಯಿಂದ ಬಂದ ಹುಡುಗಿಗೆ ಆಗ ಇಪ್ಪತ್ತೆರಡು. ಮಾತು ನಾಲ್ಕೈದೇ, ನಗು ಮಾತ್ರ ಧಾರಾಳ. ಬೆಳಿಗ್ಗೆಯೆಲ್ಲ ನನ್ನ ಓಢಣಿ ಹಿಡಿದುಕೊಂಡು ಸುತ್ತುತ್ತಿದ್ದವಳು ಹನ್ನೊಂದರ ಹೊತ್ತಿಗೆ ಇದ್ದಕ್ಕಿದ್ದಂತೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು.

"ಹಟಾ ಐತ್ರಿ ಅದಕ್ಕ. ಹೊಳ್ಳಿ ನೋಡಬ್ಯಾಡ್ರಿ" ಎಂದಳು ಹಿರಿಯ ಆಯಾ.

ನಾನೂ ನಂಬಿದೆ. ಮೆತ್ತನೆಯ ಹೆಲ್ಮೆಟ್ ತೊಡಿಸಿದರೆ ಅದನ್ನು ನೀರಿನ ಬ್ಯಾರಲ್ಲಿಗೆ ಎಸೆದಳು. ಗೋಡೆಗೆ ದಿಂಬು ಕಟ್ಟಿದರೆ ದಿಂಬಿಲ್ಲದ ಗೋಡೆ ಹುಡುಕಿದಳು. ಒಂದು ದಿನ ಎರಡೂ ಕೈ ಗಟ್ಟಿಯಾಗಿ ಹಿಡಿದು ಕೂರಿಸಿದೆ. ಅವಳು ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಗಿ ಬಿಟ್ಟುಬಿಟ್ಟೆ. ಅಂದಿನಿಂದ ಹಣೆಗೂ ಗೋಡೆಗೂ ನಡುವೆ ನನ್ನ ಅಂಗೈ ಇಟ್ಟು, ಆಮೇಲೆ ಒಂದು ನೋಟುಬುಕ್ಕಿನಲ್ಲಿ ಬರೆದಿಡತೊಡಗಿದೆ: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೂ ಮುಂಚೆ ಏನಾಯಿತು.

ಎರಡು ವಾರ ಬರೆದರೂ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಗ್ಯಾಸ್ ಮುಗಿಯಿತು. ಅಡುಗೆಯಾಕೆ ಬೈದುಕೊಳ್ಳುತ್ತ ಹಿತ್ತಲಿನಲ್ಲಿ ಕಲ್ಲಿನ ಒಲೆ ಹೂಡಿ, ದೊಡ್ಡ ಪಾತೆಲಿಯಲ್ಲಿ ಬೇಳೆ ಇಟ್ಟಳು. ಹನ್ನೊಂದಾಯಿತು, ಹನ್ನೆರಡಾಯಿತು. ಹುಡುಗಿ ನೆಮ್ಮದಿಯಾಗಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮರುದಿನ ಸಿಲಿಂಡರ್ ಬಂತು, ಕುಕ್ಕರ್ ಸೀಟಿ ಹೊಡೆಯಿತು, ಅವಳು ಗೋಡೆಯತ್ತ ಓಡಿದಳು.

ನಾನು ಸೀದಾ ಅಡುಗೆಮನೆಗೆ ಹೋದೆ.

"ಅಕ್ಕಾರ, ಕುಕ್ಕರ್ ಬಿಟ್ಟು ಬ್ಯಾಳಿ ಬೇಯಿಸಾಕ ಆಗ್ತೈತೇನ್ರಿ?"

"ನಲವತ್ತು ಮಂದಿಗೆ ಬ್ಯಾಳಿ ಬೇಯಿಸಾಕಿ ನಾನೋ, ನೀವೋ?"

"ಸೀಟಿ ಹೊಡದ್ರ ಆ ಹುಡುಗಿಗೆ ತ್ರಾಸ ಆಗ್ತೈತ್ರಿ."

"ಊಟಾ ತಡಾ ಆದ್ರ ನಲವತ್ತು ಮಂದಿಗೆ ತ್ರಾಸ ಆಗ್ತೈತಿ."

ಆಕೆ ಹೇಳಿದ್ದೂ ಸುಳ್ಳಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಕುಕ್ಕರ್ ಇಡುವ ಮುಂಚೆ ಆಕೆ ನನ್ನನ್ನು ಕೂಗಬೇಕು, ನಾನು ಹುಡುಗಿಯನ್ನು ರಸ್ತೆಯಾಚೆಯ ಬೇವಿನ ಮರದವರೆಗೆ ಕರೆದೊಯ್ಯಬೇಕು. ದಿನಾ ಹೋಗಿ ಬಂದು ನನ್ನ ಚಪ್ಪಲಿ ಸವೆಯಿತು, ಅವಳ ಹಣೆಯ ಗಾಯ ಮಾತ್ರ ಒಣಗತೊಡಗಿತು.

ನಡುವೆ ತಂಗಿಯ ಬಾಣಂತನಕ್ಕೆಂದು ಹೂವಿನ ಹಿಪ್ಪರಗಿಗೆ ಒಂದು ವಾರ ಹೋದೆ. ಮರದವರೆಗೆ ಯಾರು ಕರೆದೊಯ್ಯುತ್ತಾರೆ ಎಂಬ ಚಿಂತೆಯಲ್ಲೇ ದಿನ ಕಳೆದು ಹಿಂದಿರುಗಿದರೆ, ಅಡುಗೆಮನೆಯಲ್ಲಿ ಕುಕ್ಕರು ಮೇಲಿನ ಶೆಲ್ಫಿಗೇರಿತ್ತು. ಒಲೆಯ ಮೇಲೆ ಪಾತೆಲಿ ಕುದಿಯುತ್ತಿತ್ತು.

"ಏನ್ರೀ ಇದು?"

"ಮುಂಜಾನೆ ಎದ್ದ ಕೂಡ್ಲೇ ಬ್ಯಾಳಿ ನೆನಿ ಹಾಕಾಕತ್ತೇನಿ. ಹೊತ್ತಿಗೆ ಸರಿಯಾಗಿ ಬೇಯ್ತೈತಿ" ಎಂದು ನನ್ನ ಮುಖ ನೋಡದೆ ಹೇಳಿದಳು. "ಅದರ ಸೀಟಿ ಕೇಳಿ ನನಗೂ ತಲಿ ಸಿಡೀತಿತ್ತು ಬಿಡ್ರಿ."

ಹುಡುಗಿ ಆಕೆಯ ಪಕ್ಕದಲ್ಲೇ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು.

ಎಲ್ಲ ಸರಿಹೋಯಿತೆಂದರೆ ತಪ್ಪಾದೀತು. ಟ್ರ್ಯಾಕ್ಟರ್ ಹಾರನ್, ಮದುವೆಯ ಪಟಾಕಿ ತಡೆಯುವುದು ಯಾರ ಕೈಯಲ್ಲೂ ಇಲ್ಲ. ಒಮ್ಮೆ ಕಬ್ಬಿನ ಟ್ರ್ಯಾಕ್ಟರೊಂದು ಗೇಟಿನೆದುರು ಉದ್ದಕ್ಕೆ ಹಾರನ್ ಬಾರಿಸಿತು. ಅವಳು ಎದ್ದಳು. ನಾನು ಅಂಗೈ ಒಡ್ಡಲು ಗೋಡೆಯತ್ತ ಧಾವಿಸಿದೆ. ಅವಳು ಗೋಡೆಗೆ ಹೋಗಲಿಲ್ಲ. ನನ್ನ ಹತ್ತಿರ ಬಂದು, ನನ್ನ ಎರಡೂ ಕೈಗಳನ್ನು ಎತ್ತಿ ತನ್ನ ಕಿವಿಗಳ ಮೇಲೆ ಇಟ್ಟುಕೊಂಡಳು. ಟ್ರ್ಯಾಕ್ಟರ್ ಹೋಗುವವರೆಗೂ ಹಾಗೇ ನಿಂತಿದ್ದೆವು.