ಫ್ರೆಂಚ್ ಕಾಗದಕ್ಕೆ ದನದ ಡಾಕ್ಟರ ಸೀಲು

ನಾನು ಮಾಡಿದ ಫ್ರೆಂಚ್ ಅನುವಾದ ಸರಿಯಿದೆ ಎಂದು ಸಹಿ ಹಾಕಿದವರು ಯಾರು ಗೊತ್ತೇ? ದೇವದುರ್ಗದ ದನದ ಡಾಕ್ಟರು! (ಅವರಿಗೆ ಫ್ರೆಂಚ್ ಬರುವುದಿಲ್ಲ. ಹಾಗೆಂದು ಅವರೇ ನಗುತ್ತ ಹೇಳಿದರು.)

ಇದಕ್ಕೆಲ್ಲ ಕಾರಣ ಮಾನ್ವಿಯ ಶರಣಮ್ಮ. ಗಂಡ ಅಲ್ಜೀರಿಯಾದಲ್ಲಿ ವೆಲ್ಡರ್. ಅಲ್ಲಿಯ ಬ್ಯಾಂಕಿನಿಂದ ರಾಯಚೂರಿನ ಆಕೆಯ ಬ್ಯಾಂಕಿಗೆ ಒಂದು ಕಾಗದ ಬಂದಿದೆ, ಫ್ರೆಂಚಿನಲ್ಲಿ. ಪಾಂಡಿಚೇರಿಯಲ್ಲಿದ್ದಾಗ ನಾನು ನಾಲ್ಕಕ್ಷರ ಫ್ರೆಂಚ್ ಕಲಿತದ್ದನ್ನು ಯಾರೋ ಹೇಳಿದ್ದಾರೆ. ದೇವದುರ್ಗದ ನನ್ನ ಮನೆ ಹುಡುಕಿಕೊಂಡು ಬಂದಳು.

"ಯಪ್ಪಾ, ಹೈದರಾಬಾದಿನಾಗ ಮಗಳ ಕಣ್ಣಿನ ಆಪರೇಶನ್ ಅದರಿ. ಆ ರೊಕ್ಕದ ದಾರಿನೇ ಕಾಯಾಕತ್ತೀನ್ರಿ."

ಆಕೆಯ ಜೊತೆ ಬ್ಯಾಂಕಿಗೆ ಹೋಗಿ ಓದಿದೆ. ಸಾರಾಂಶ ಇಷ್ಟೇ: ಹಣ ಕಳಿಸಲು ಸಿದ್ಧವಿದೆ, ಖಾತೆ ಈಕೆಯದೇ ಎಂದು ತಿಂಗಳ ಕೊನೆಯೊಳಗೆ ತಿಳಿಸಿ, ತಿಳಿಸದಿದ್ದರೆ ರದ್ದು. ಮ್ಯಾನೇಜರಿಗೆ ಅಲ್ಲೇ ಕನ್ನಡದಲ್ಲಿ ಹೇಳಿದೆ.

"ಬಾಯಿಮಾತು ನಡ್ಯಂಗಿಲ್ರಿ. ಇಂಗ್ಲಿಷಿನಾಗ ಬರ್ಕೊಂಡು ಬರ್ರಿ" ಎಂದರು ಮ್ಯಾನೇಜರು.

ಬರೆದುಕೊಂಡು ಹೋದೆ. ಮೂಲದಲ್ಲಿ 'ವಿರ್‌ಮಾಂ' ಎಂದಿತ್ತು, ನಾನು 'ಟ್ರಾನ್ಸ್‌ಫರ್' ಎಂದಿದ್ದೆ. ತಂತಿ ಮೂಲಕವೋ ಅಂಚೆ ಮೂಲಕವೋ ಎಂದು ಕೇಳಿದರು. ಕಾಗದದಲ್ಲಿ ಹಾಗೇನೂ ಇಲ್ಲ ಎಂದೆ. "ಹಂಗಾದ್ರ ಸರಿಯಾಗಿ ಅನುವಾದ ಮಾಡ್ರಿ!" ಫ್ರೆಂಚರು ಬರೆಯದೇ ಬಿಟ್ಟದ್ದನ್ನು ನಾನೆಲ್ಲಿಂದ ತರಲಿ? ವಿನಿಮಯದ ದರ ಎಂದು ಬರೆದಲ್ಲಿಯೂ ತಕರಾರು. ಕೊಳ್ಳುವ ದರವೋ, ಮಾರುವ ದರವೋ? ಮತ್ತೆ ಬಸ್ಸು, ಮತ್ತೆ ಡಿಕ್ಷನರಿ, ಮತ್ತೆ ಟೈಪಿಂಗ್. ತಲೆ ಕೆಟ್ಟುಹೋಯಿತು.

ಕೊನೆಗೆ ಅನುವಾದ ಒಪ್ಪಿದರು. ಆದರೆ ಗೆಜೆಟೆಡ್ ಆಫೀಸರ ಸೀಲು ಬೇಕಂತೆ! ದೇವದುರ್ಗದಲ್ಲಿ ನನಗೆ ಪರಿಚಯವಿದ್ದ ಗೆಜೆಟೆಡ್ ಆಫೀಸರು ಎಂದರೆ ದನದ ಡಾಕ್ಟರು ಒಬ್ಬರೇ. ಅವರು ಎರಡು ವಾರ ಹಳ್ಳಿಗಳ ಕ್ಯಾಂಪಿನಲ್ಲಿದ್ದರು. ಬಂದ ಮೇಲೆ, ಒಮ್ಮೆ ಓದಿ ನೋಡಿ ಎಂದು ಕಾಗದ ಮುಂದೆ ಹಿಡಿದೆ.

"ಓದಿದ್ರ ನನಗೇನ್ ತಿಳಿತದ್ರಿ? ಸೀಲು ಎಲ್ಲಿ ಹೊಡಿಲಿ, ಅದನ್ನ ಹೇಳ್ರಿ" ಎಂದು ನಕ್ಕರು. ಪುಣ್ಯಾತ್ಮ, ಅವರೊಬ್ಬರೇ ನಿಜ ಹೇಳಿದ್ದು.

ಕಳೆದ ವಾರ ಶರಣಮ್ಮನೊಂದಿಗೆ ಅದನ್ನು ಕೊಂಡೊಯ್ದೆ. ಮ್ಯಾನೇಜರು ಸೀಲನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿದರು. ಆಮೇಲೆ, ಮೊದಲ ಸಲ, ಬಿಡಿ ಪದಗಳನ್ನು ಬಿಟ್ಟು ಒಳಗಿದ್ದ ವಿಷಯವನ್ನು ಕೊನೆಯವರೆಗೆ ಓದಿದರು.

"ಅಯ್ಯ, ಗಡುವು ಹೋದ ತಿಂಗಳೇ ಮುಗದದಲ್ರಿ! ಇಷ್ಟು ಅರ್ಜೆಂಟ್ ಇದ್ರ ಮೊದ್ಲ ಹೇಳಬಾರದಾಗಿತ್ತೇನ್ರಿ?"

ನನಗೆ ಮೈಯೆಲ್ಲ ಉರಿಯಿತು. ಹಣ ರದ್ದಾಗಿದೆ, ಗಂಡ ಅಲ್ಲಿ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು. ಆಸ್ಪತ್ರೆಯವರು ಕೊಟ್ಟ ದಿನ ಈ ಸೋಮವಾರ. ಶರಣಮ್ಮ ಮ್ಯಾನೇಜರನ್ನೂ ನನ್ನನ್ನೂ ನೋಡಿ, "ಹಂಗಾರ ನನ್ನ ಮಗಳ ಕಣ್ಣು?" ಎಂದಳು.

ಇದಕ್ಕೆ ಉತ್ತರ ಬರೆದು ತಂದರೆ ಸೀಲು ಹೊಡೆಯುವ ಗೆಜೆಟೆಡ್ ಆಫೀಸರು ಯಾರಾದರೂ ಇದ್ದಾರೆಯೇ?